ದಪ್ಪ ಫೈಲಿನಲ್ಲಿ ಇಲ್ಲದ ಒಂದು ಚೀಟಿ

ಹುಮನಾಬಾದದ ಒಬ್ಬ ಲೇಡಿ ಡಾಕ್ಟರು ನನ್ನನ್ನು ತಮ್ಮ ಕೋಣೆಯಿಂದ ಹೊರಗೆ ಹಾಕಿದರು. ನನ್ನೊಬ್ಬನನ್ನೇ ಅಲ್ಲ, ನನ್ನ ಭಾವನನ್ನೂ. ಇಬ್ಬರೂ ಐವತ್ತರ ಆಸುಪಾಸಿನವರು, ಇಸ್ತ್ರಿ ಮಾಡಿದ ಅಂಗಿ ತೊಟ್ಟವರು, ಊರಲ್ಲಿ ನಾಲ್ಕು ಜನರಿಂದ ನಮಸ್ಕಾರ ಹೊಡೆಸಿಕೊಳ್ಳುವವರು. ಹೊರಗಿನ ಬೆಂಚಿನ ಮೇಲೆ ಸಾಲಾಗಿ ಕೂತಿದ್ದ ಹೆಂಗಸರು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

ಇದು ನಡೆದು ಆರು ತಿಂಗಳಾಯಿತು. ಅಂದಿನಿಂದ ಬರೆಯಬೇಕೆಂದು ಕೈ ತುರಿಸುತ್ತಿತ್ತು. ಅಕ್ಕ ಬಿಟ್ಟಿರಲಿಲ್ಲ. "ನನ್ನ ರೋಗ ಪೇಪರಿನಾಗ ಹಾಕಿದಿ ಅಂದ್ರ ನಿನ್ನ ಮನಿ ಹೊಸ್ತಿಲಾ ತುಳಿಯಂಗಿಲ್ಲ ನೋಡು" ಎಂದಿದ್ದಳು. ಮೊನ್ನೆ ತಾನಾಗಿಯೇ ಫೋನ್ ಮಾಡಿ, "ಬರೀಪಾ ಬರಿ. ನಾಲ್ಕು ಮಂದಿಗರೆ ಬುದ್ಧಿ ಬರ್ಲಿ" ಎಂದಳು. (ಆ ನಾಲ್ಕು ಮಂದಿಯಲ್ಲಿ ನಾನೂ ಇದ್ದೇನೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.)

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಅಕ್ಕನ ಹೆಸರು ಕಸ್ತೂರಿ. ನನಗಿಂತ ಎರಡು ವರ್ಷ ದೊಡ್ಡವಳು, ಅಂದರೆ ಈಗ ನಲವತ್ತೆಂಟು. ಬಸವಕಲ್ಯಾಣದ ಮಗಳನ್ನು ಹುಮನಾಬಾದಕ್ಕೆ ಕೊಟ್ಟದ್ದು. ಭಾವನದು ಮಾಣಿಕನಗರದಲ್ಲಿ ಕಾಯಿ-ಕರ್ಪೂರದ ಅಂಗಡಿ. ಅಕ್ಕ ಮನ್ನಾಏಖೇಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಟೀಚರು. ಇಪ್ಪತ್ತೈದು ವರ್ಷದಿಂದ ದಿನಾ ಬಸ್ಸು ಹಿಡಿದು ಹೋಗುವುದು, ಬಸ್ಸು ಹಿಡಿದು ಬರುವುದು. ಶಾಲೆ ಎಂದರೆ ಅವಳಿಗೆ ಜೀವ. ಸಣ್ಣವರಿದ್ದಾಗ ನನ್ನನ್ನು ನೆಲದ ಮೇಲೆ ಕೂರಿಸಿ, ಬಾಗಿಲ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ಪಾಠ ಹೇಳುತ್ತಿದ್ದಳು. ತಪ್ಪಿದರೆ ಬಾರಿಸುತ್ತಿದ್ದಳು.

ಹತ್ತು ವರ್ಷದ ಹಿಂದೆ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಸಕ್ಕರೆ ಬಿಟ್ಟು ಬೇರೆ ಮಾತೇ ಇಲ್ಲ. ಭಾವ ಒಂದು ಫೈಲು ಮಾಡಿದರು. ತಿಂಗಳಿಗೆರಡು ಸಲ ಅಕ್ಕನನ್ನು ಲ್ಯಾಬಿಗೆ ಕರೆದುಕೊಂಡು ಹೋಗುವುದು, ಖಾಲಿ ಹೊಟ್ಟೆಯದೊಂದು ಚೀಟಿ, ಊಟವಾದ ಮೇಲಿನದೊಂದು ಚೀಟಿ, ತಂದು ಪಂಚ್ ಮಾಡಿ ಫೈಲಿಗೆ ಹಾಕುವುದು. ಆಮೇಲೆ ನನಗೆ ಫೋನು. "ಇವತ್ತ ನೂರಾ ನಲವತ್ತಪಾ!" ಕ್ರಿಕೆಟ್ ಸ್ಕೋರು ಹೇಳಿದ ಹಾಗೆ. ನಾನೂ "ಭೇಷ್ ಭಾವಾರ!" ಎನ್ನುವುದು. ಅಕ್ಕ ಹೇಗಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂಬ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಮೂರು ವರ್ಷದಿಂದ ಅವಳಿಗೆ ಸುಸ್ತು ಶುರುವಾಗಿತ್ತು. ಬಸ್ಸಿಳಿದು ಶಾಲೆಯ ತನಕ ಹತ್ತು ನಿಮಿಷದ ದಾರಿ. ಮಧ್ಯೆ ಎರಡು ಕಡೆ ಕೂತು ಹೋಗುವಳು. ಬೋರ್ಡಿನ ಮೇಲೆ ಕೈಯೆತ್ತಿ ನಾಲ್ಕು ಸಾಲು ಬರೆದರೆ ಎದೆ ಡವಡವ. ಆಮೇಲಾಮೇಲೆ ಕುರ್ಚಿಯಲ್ಲಿ ಕೂತೇ ಪಾಠ. ಒಂದು ದಿನ ಪಾಠದ ನಡುವೆ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳಂತೆ. ಮಕ್ಕಳು ಸದ್ದು ಮಾಡದೆ ಕೂತಿದ್ದರಂತೆ. ಅದನ್ನು ಹೇಳುವಾಗ ಅಕ್ಕ ಅತ್ತಳು. ನಾನು ಅವಳು ಅತ್ತದ್ದನ್ನು ನೋಡಿದ್ದು ನಮ್ಮ ಅಪ್ಪ ಹೋದ ದಿನ ಬಿಟ್ಟರೆ ಅಂದೇ.

ನಾವೇನು ಹೇಳಿದೆವು? "ಸಕ್ಕರಿ ಅಕ್ಕಾ. ಸಕ್ಕರಿ ಇದ್ದೋರಿಗಿ ಕಮಜೋರಿ ಇದ್ದೇ ಇರ್ತದ." ಭಾವ ಇನ್ನೂ ಒಂದು ಹೆಜ್ಜೆ ಮುಂದೆ. ಸುಸ್ತು ಎಂದಾಗಲೆಲ್ಲ ಅಕ್ಕನ ತಾಟಿನಿಂದ ಅರ್ಧ ರೊಟ್ಟಿ ಕಮ್ಮಿ ಮಾಡಿದರು. ಸುಸ್ತು ಜಾಸ್ತಿ ಆಯಿತೇ? ಇನ್ನರ್ಧ. ಕೊನೆಗೆ ಒಂದು ರೊಟ್ಟಿ, ಒಂದು ಸೌಟು ಬೇಳೆಗೆ ಬಂದು ನಿಂತಿತು. ಅದರ ಮೇಲೆ ಗುರುವಾರದ ಉಪವಾಸ ಬೇರೆ. ಇಷ್ಟು ತಿಂದು ಇಡೀ ದಿನ ಅರವತ್ತು ಮಕ್ಕಳ ಮುಂದೆ ನಿಲ್ಲು ಎಂದರೆ ನೀವು ನಿಲ್ಲುತ್ತೀರಾ? ನಾನಂತೂ ಹತ್ತೂವರೆಗೆ ನಮ್ಮ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನ ಕುರ್ಚಿಯಲ್ಲಿ ಕೂತು, ಹನ್ನೊಂದಕ್ಕೆ ಉಪ್ಪಿಟ್ಟು ಹುಡುಕಿಕೊಂಡು ಹೋಗುವ ಆಸಾಮಿ.

ಕಡೆಗೆ ಭಾವ ತೀರ್ಮಾನ ಮಾಡಿದರು. ನೌಕರಿ ಬಿಡುವುದು. ಸರ್ವಿಸು ಇನ್ನೂ ಹನ್ನೆರಡು ವರ್ಷವಿದೆ. ಇರಲಿ, ವಾಲಂಟರಿ ರಿಟೈರ್ಮೆಂಟ್. ಅಕ್ಕ "ಹೂಂ" ಎಂದಳು. ಎರಡನೇ ಸಲ ಕೇಳಿದರೂ "ಹೂಂ" ಎಂದಳು. ಹಾಗೆ ಸುಲಭವಾಗಿ ಹೂಂಗುಟ್ಟುವ ಹೆಣ್ಣಲ್ಲ ಅವಳು. ಅಷ್ಟೇ ಸಾಕಾಗಿತ್ತು ನಮಗೆ ಏನೋ ಸರಿಯಿಲ್ಲ ಎಂದು ಹೊಳೆಯಲಿಕ್ಕೆ. ಹೊಳೆಯಿತೇ? ಇಲ್ಲ. ಅರ್ಜಿ ಬರೆಯಲು ನನ್ನನ್ನು ಬಸವಕಲ್ಯಾಣದಿಂದ ಕರೆಸಿದರು. ಅಂಕಣ ಬರೆಯುವವನಲ್ಲವೇ ನಾನು! ಎರಡು ಪುಟ ಜಾಡಿಸಿದೆ. 'ದೀರ್ಘಕಾಲದ ಮಧುಮೇಹದಿಂದ ಬಳಲುತ್ತಿರುವ ನಾನು' ಎಂದು ಶುರು ಮಾಡಿ, ಓದಿದವರ ಕರುಳು ಚುರ್ ಎನ್ನಬೇಕು, ಹಾಗೆ ಬರೆದೆ. ಅಕ್ಕ ಓದಿ, ಒಂದು ಕಡೆ ಕಾಗುಣಿತ ತಿದ್ದಿ, ವಾಪಸ್ಸು ಕೊಟ್ಟಳು.

ಅರ್ಜಿಗೆ ಒಂದು ಮೆಡಿಕಲ್ ಸರ್ಟಿಫಿಕೇಟ್ ಲಗತ್ತಿಸಬೇಕಿತ್ತು. ಯಾವಾಗಲೂ ತೋರಿಸುವ ಡಾಕ್ಟರು ಮಗಳ ಮದುವೆಗೆಂದು ಊರಿಗೆ ಹೋಗಿದ್ದರು. ಹೊಸದಾಗಿ ದವಾಖಾನೆ ತೆಗೆದಿದ್ದ ಈ ಲೇಡಿ ಡಾಕ್ಟರ ಹತ್ತಿರ ಹೋದೆವು. ಸಹಿ ತಾನೇ, ಯಾರು ಮಾಡಿದರೇನು ಎಂದುಕೊಂಡು.

ಡಾಕ್ಟರು ಮೂವತ್ತೈದರ ಒಳಗಿನವರು. ಗುಲಬರ್ಗಾ ಕಡೆಯವರು. ಅಕ್ಕನ ಕಡೆ ತಿರುಗಿ ಕೇಳಿದರು: "ಏನ್ ತ್ರಾಸ ಅದರಿ ನಿಮಗ?"

"ಸಕ್ಕರಿ ಅದರಿ ಮೇಡಂ. ಹತ್ತು ವರ್ಷ ಆಯ್ತು." ಹೇಳಿದ್ದು ಭಾವ.

"ನಿದ್ದಿ ಬರ್ತದೇನ್ರಿ?"

"ನಿದ್ದಿ ಛಲೋ ಬರ್ತದ್ರಿ ಅವ್ರಿಗಿ." ಹೇಳಿದ್ದು ನಾನು. (ನಾನು ಮಲಗುವುದು ಬಸವಕಲ್ಯಾಣದಲ್ಲಿ!)

"ಊಟ ಹ್ಯಾಂಗ ಮಾಡ್ತೀರಿ?"

"ಒಂದೇ ರೊಟ್ಟಿರಿ. ಪಥ್ಯ-ಪರಹೇಜ್ ಭಾಳ ಕಟ್ಟುನಿಟ್ಟು ಅದ." ಭಾವ, ಹೆಮ್ಮೆಯಿಂದ.

ಡಾಕ್ಟರು ಎದ್ದು ಬಂದು ಅಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಉಗುರು ನೋಡಿದರು. ನಾಲಿಗೆ ನೋಡಿದರು. ಮುಖ ಗಂಭೀರ ಮಾಡಿಕೊಂಡು ಮತ್ತೆ ಕೂತರು. "ಮುಟ್ಟು ಬರಾಬರ್ ಆಗ್ತದೇನ್ರಿ?"

ಅಕ್ಕ ನೆಲ ನೋಡಿದಳು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಭಾವ ಮಾತ್ರ ಎದೆಗುಂದಲಿಲ್ಲ. "ಅದೆಲ್ಲಾ ಬರಾಬರ್ ಅದರಿ ಮೇಡಂ" ಎಂದುಬಿಟ್ಟರು!

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾರಿಗಿ ಬರಾಬರ್ ಅದರಿ, ನಿಮಗೇನು?" ಎಂದು ಭಾವನನ್ನೇ ಕೇಳಿದರು. ಆಮೇಲೆ ಬಾಗಿಲ ಕಡೆ ಕೈ ಮಾಡಿದರು. "ಇಬ್ರೂ ಹೊರಗ ನಡೀರಿ. ಕರ್ದಾಗ ಬರ್ರಿ."

ಹೀಗೆ ನಾವು ಬೆಂಚಿನ ಮೇಲೆ ಬಂದೆವು. ಭಾವ ಸಿಟ್ಟಿನಿಂದ "ಏನ್ ಜಬರದಸ್ತಿ ಅದಪಾ ಈಕಿದು!" ಎಂದು ಗೊಣಗಿದರು. ನನಗೂ ಅವಮಾನವಾಗಿತ್ತು. ಹೆಣ್ಣುಮಕ್ಕಳು ಬಾಯಿಬಿಟ್ಟು ಮಾತಾಡಬೇಕು ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಉಪದೇಶ ಮಾಡಿಲ್ಲ ನಾನು? ನನ್ನ ಅಕ್ಕನ ನಿದ್ದೆಯ ಬಗ್ಗೆಯೂ ನಾನೇ ಬಾಯಿಬಿಟ್ಟಿದ್ದೆ.

ಇಪ್ಪತ್ತು ನಿಮಿಷ ಆದ ಮೇಲೆ ಕರೆದರು. ಅಕ್ಕನ ಮೂಗು ಕೆಂಪಾಗಿತ್ತು. ಡಾಕ್ಟರು ಭಾವನ ಫೈಲನ್ನು ಎರಡೂ ಕೈಯಲ್ಲಿ ಎತ್ತಿ ನಮ್ಮ ಮುಂದಿಟ್ಟು, "ಇದರಾಗ ಹಿಮೋಗ್ಲೋಬಿನ್ ಚೀಟಿ ಎಲ್ಲದ, ತೋರಸ್ರಿ" ಎಂದರು.

ನಾವಿಬ್ಬರೂ ಹುಡುಕಿದೆವು. ಸಕ್ಕರೆ, ಸಕ್ಕರೆ, ಸಕ್ಕರೆ. ಒಂದು ಇಸಿಜಿ. ಒಂದು ಎಕ್ಸ್‌ರೇ. ಮತ್ತೆ ಸಕ್ಕರೆ. ಕಟ್ಟಕಡೆಯ ಹಾಳೆಯ ತನಕ ಹೋದೆವು. ಇಲ್ಲ. ಹತ್ತು ವರ್ಷ ತಿಂಗಳಿಗೆರಡು ಸಲ ಅವಳ ಕೈಗೆ ಸೂಜಿ ಚುಚ್ಚಿ ರಕ್ತ ತೆಗೆಸಿದ್ದೇವೆ. ಅದರಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡಿದ್ದೇವೆ. ರಕ್ತ ಎಷ್ಟಿದೆ ಎಂದು ಒಂದು ಸಲವೂ ನೋಡಿಲ್ಲ! ಇದಕ್ಕೆ ಏನು ಹೇಳುತ್ತೀರಿ? ನಾನಂತೂ ತಲೆ ತಲೆ ಚಚ್ಚಿಕೊಂಡೆ.

ಅವತ್ತೇ ಪರೀಕ್ಷೆ ಆಯಿತು. ಹನ್ನೆರಡಿರಬೇಕಾದ ಕಡೆ ಆರು ಪಾಯಿಂಟ್ ಎಂಟು.

ಅಕ್ಕ ಆ ಇಪ್ಪತ್ತು ನಿಮಿಷದಲ್ಲಿ ಹೇಳಿದ್ದಿಷ್ಟು. ಮೂರು ವರ್ಷದಿಂದ ತಿಂಗಳಿಗೆ ಹತ್ತು ಹತ್ತು ದಿನ ಮುಟ್ಟು ಹೋಗುತ್ತಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರದೆ ನಿಂತೇ ಹೋಗುತ್ತಿದ್ದಳು, ಸೀರೆಗೆ ಕಲೆಯಾದೀತೆಂಬ ಭಯಕ್ಕೆ. ತೀರಾ ಆಗದ ದಿನ ಹೆಡ್‌ಮಾಸ್ತರಿಗೆ ರಜೆ ಚೀಟಿ ಬರೆದು ಕಳಿಸುತ್ತಿದ್ದಳು. ಕಾರಣ? 'ಸಕ್ಕರೆ ಏರಿದೆ.' ಮನೆಯಲ್ಲಿ ಅತ್ತೆ ಕೇಳಿದರೂ ಅದೇ, "ಸಕ್ಕರಿ ಏರ್ಯದ."

ನಮ್ಮ ಕಡೆ ಸಕ್ಕರೆಯಷ್ಟು ಮರ್ಯಾದಸ್ಥ ಕಾಯಿಲೆ ಇನ್ನೊಂದಿಲ್ಲ ನೋಡಿ. ಮದುವೆ ಪಂಕ್ತಿಯಲ್ಲಿ ಕೂತು ಜೋರಾಗಿ ಹೇಳಬಹುದು, "ನನಗ ಸಕ್ಕರಿ ಅದರಿ, ಜಿಲೇಬಿ ಬ್ಯಾಡ." ಹೇಳಿದವರಿಗೆ ಗೌರವ, ಕೇಳಿದವರಿಗೂ ಖುಷಿ. ಪಕ್ಕದ ಎಲೆಯವನು "ನಂದೂ ಅದೇ ರೀ" ಎಂದು ಗೆಳೆಯನಾಗುತ್ತಾನೆ. ಮುಟ್ಟಿನ ಮಾತು ಹಾಗೆ ಹೇಳಲಾದೀತೇ? ಗಂಡನ ಎದುರು ಇಲ್ಲ, ತಮ್ಮನ ಎದುರು ಇಲ್ಲ, ಗಂಡ-ತಮ್ಮ ಎಡಬಲಕ್ಕೆ ನಿಂತಿದ್ದರೆ ಡಾಕ್ಟರ ಎದುರೂ ಇಲ್ಲ. ಹಾಗಾಗಿ ಹೇಳಬಾರದ ಕಾಯಿಲೆ ಹೇಳಬಹುದಾದ ಕಾಯಿಲೆಯ ಹಿಂದೆ ಹೋಗಿ ಅಡಗಿ ಕೂತಿತ್ತು.

ಡಾಕ್ಟರು ನಮಗೆ ಬಿಡಿಸಿ ಹೇಳಿದರು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ. ಸಕ್ಕರೆ ಇದ್ದವರಿಗೆ ರಕ್ತ ಕಮ್ಮಿಯಾಗಲು ಹತ್ತು ದಾರಿ ಇದೆಯಂತೆ. ಸಕ್ಕರೆಯಿಂದ ಕಿಡ್ನಿ ಸೋತರೆ ರಕ್ತ ತಯಾರಿಸು ಎಂದು ಮೈಗೆ ಹೇಳುವ ಹುಕುಂ ಅಲ್ಲಿಂದ ಹೊರಡುವುದಿಲ್ಲ. ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಕೆಲವರಿಗೆ ಬಿ-ಹನ್ನೆರಡು ಎಂಬ ಜೀವಸತ್ವ ಇಳಿಯುತ್ತದೆ. ಪಥ್ಯದ ಹೆಸರಲ್ಲಿ ಸೊಪ್ಪು ಕಾಳು ಬಿಟ್ಟವರಿಗೆ ಕಬ್ಬಿಣಾಂಶ ಸಿಗುವುದಿಲ್ಲ. ಮೈಯಿಂದ ರಕ್ತ ಸೋರುತ್ತಿದ್ದರಂತೂ ಕೇಳುವುದೇ ಬೇಡ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಹೊಸ ಪರೀಕ್ಷೆಯೊಂದಿದೆಯಲ್ಲ, ರಕ್ತ ಕಮ್ಮಿ ಇರುವವರಲ್ಲಿ ಅದೂ ದಾರಿ ತಪ್ಪಿಸಬಹುದಂತೆ. "ಸುಸ್ತು ಅಂದಕೂಡ್ಲೆ ಸಕ್ಕರಿ ಅಂತ ಮುಚ್ಚಿಬಿಡಬ್ಯಾಡ್ರಿ. ಯಾಕ ಅಂತ ಹುಡುಕ್ರಿ" ಎಂದರು.

ಹುಡುಕಿದರು. ಕಿಡ್ನಿ ಸದ್ಯಕ್ಕೆ ಗಟ್ಟಿಯಾಗಿತ್ತು, ದೇವರು ದೊಡ್ಡವನು. ಬಿ-ಹನ್ನೆರಡು ಕಮ್ಮಿ. ಕಬ್ಬಿಣಾಂಶ ತಳಮುಟ್ಟಿತ್ತು. ಗುಲಬರ್ಗಾದ ಸ್ಕ್ಯಾನಿಂಗಿನಲ್ಲಿ ಗರ್ಭಕೋಶದಲ್ಲಿ ಸಣ್ಣ ಗಡ್ಡೆ ಕಂಡಿತು. ಭಯಪಡುವಂಥದ್ದಲ್ಲ, ಮಾತ್ರೆಯಿಂದ ರಕ್ತ ಹೋಗುವುದು ನಿಲ್ಲುತ್ತದೆ ಎಂದರು.

"ಮತ್ತ ಸರ್ಟಿಫಿಕೇಟ್ ರೀ?" ಭಾವ ಬಿಡಲಿಲ್ಲ.

"ನೌಕರಿ ಬಿಡಾಕ ನಾ ಸಹಿ ಮಾಡಂಗಿಲ್ರಿ. ಮೂರು ತಿಂಗಳು ರಜಾಕ್ಕ ಬರ್ಕೊಡ್ತೀನಿ. ಅಷ್ಟರಾಗ ರಕ್ತ ಏರ್ತದ. ಏರಲಿಲ್ಲಂದ್ರ ಬರ್ರಿ, ನೋಡೋಣು."

ಅಕ್ಕ ನಮ್ಮೆದುರು ಮೊದಲ ಸಲ ತಲೆಯೆತ್ತಿ ಡಾಕ್ಟರನ್ನು ನೋಡಿದಳು. "ಖರೇನ ಏರ್ತದೇನ್ರಿ? ಮತ್ತ ಬೋರ್ಡಿನ ಮ್ಯಾಲ ಬರಿಯಾಕ ಆಗ್ತದೇನ್ರಿ?" ಎಂದಳು. ನನ್ನ ಎರಡು ಪುಟದ ಅರ್ಜಿ ಜೇಬಿನಲ್ಲಿತ್ತು. ನನಗೆ ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು ಅಲ್ಲವೇ? ನಮ್ಮ ಜನ ಬಿಡಬೇಕಲ್ಲ! ಅಕ್ಕನಿಗೆ ರಕ್ತ ಇಲ್ಲವಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಒಬ್ಬರು ಖರ್ಜೂರ ತಂದರು, ಒಬ್ಬರು ಬೆಲ್ಲ-ಶೇಂಗಾ ಉಂಡೆ ತಂದರು, ಅತ್ತೆಯವರು ದಿನಕ್ಕೊಂದು ಲೋಟ ದಾಳಿಂಬೆ ರಸ ಹಿಂಡಿದರು. ಹತ್ತು ವರ್ಷ ಒಂದು ಚಮಚ ಸಕ್ಕರೆಗೆ ಹೌಹಾರಿದ ಭಾವ, "ಖೂನ್ ಆಗ್ತದ, ರಕ್ತ ಏರ್ತದ, ತಿನ್ನು" ಎಂದು ಉಂಡೆ ಮುರಿದು ಬಾಯಿಗಿಟ್ಟರು. ವಾರದೊಳಗೆ ಸಕ್ಕರೆ ಮುನ್ನೂರು. ಅದೂ ಫೋನಿನಲ್ಲಿ ಬಂತು, ಈ ಸಲ ಸ್ವಲ್ಪ ತಗ್ಗಿದ ದನಿಯಲ್ಲಿ. ಡಾಕ್ಟರು ಬೈದು ಅದೆಲ್ಲ ನಿಲ್ಲಿಸಿ, ಸೊಪ್ಪು, ಮೊಳಕೆ ಕಾಳು, ಎರಡು ರೊಟ್ಟಿ, ಊಟದ ಜೊತೆ ನಿಂಬೆಹಣ್ಣು ಎಂದು ಬರೆದುಕೊಟ್ಟರು.

ಎರಡು ತಿಂಗಳು ಕಳೆಯಿತು. ಮತ್ತೆ ರಕ್ತ ಪರೀಕ್ಷೆ. ಏಳು ಪಾಯಿಂಟ್ ಎರಡು.

ಎರಡು ತಿಂಗಳಿಗೆ ಇಷ್ಟೇನಾ? ಮುಟ್ಟು ಹತೋಟಿಗೆ ಬಂದಿತ್ತು. ಬಿ-ಹನ್ನೆರಡರ ಇಂಜೆಕ್ಷನ್ ಆಗಿತ್ತು. ಕಬ್ಬಿಣದ ಗುಳಿಗೆ ಒಂದು ದಿನವೂ ತಪ್ಪಿಸಿರಲಿಲ್ಲ. ರಜೆಯಲ್ಲಿ ಉಳಿದದ್ದು ಒಂದೇ ತಿಂಗಳು. ಅಕ್ಕ ಟ್ರಂಕಿನಿಂದ ಆ ಅರ್ಜಿಯ ನಕಲು ತೆಗೆದು ಮೇಜಿನ ಮೇಲಿಟ್ಟುಕೊಂಡಿದ್ದಾಳೆ ಎಂದು ಭಾವ ಫೋನಿನಲ್ಲಿ ಹೇಳಿದರು. ಮರುದಿನವೇ ಬಸ್ಸು ಹತ್ತಿದೆ.

ಮೂವರೂ ಮತ್ತೆ ಡಾಕ್ಟರ ದವಾಖಾನೆಗೆ ಹೋದೆವು. ಈ ಸಲ ನಾನೂ ಭಾವನೂ ಹೇಳಿಸಿಕೊಳ್ಳದೆ ಬಾಗಿಲ ಹೊರಗೆ ನಿಂತೆವು. ಡಾಕ್ಟರೇ ನಮ್ಮಿಬ್ಬರನ್ನೂ ಒಳಗೆ ಕರೆದು ಭಾವನನ್ನು ಕೇಳಿದರು.

"ಗುಳಿಗಿ ಹ್ಯಾಂಗ ಕೊಡ್ತೀರಿ?"

ಭಾವನಿಗೆ ಉತ್ಸಾಹ ಬಂತು. "ನಾನೇ ಕೈಯಾರೆ ಕೊಡ್ತೀನ್ರಿ. ಮುಂಜಾನಿ ಎದ್ದಕೂಡ್ಲೆ ಚಾ ಮಾಡಿ, ಚಾದ ಸಂಗಟ. ಬಿನಾ ಶಕ್ಕರ್ ಚಾ ರೀ! ಒಂದು ಚಮಚಾನೂ ಹಾಕಂಗಿಲ್ಲ."

"ದಿನಕ್ಕ ಎಷ್ಟು ಚಾ?"

ಈಗ ಅಕ್ಕ ಲೆಕ್ಕ ಹಾಕಿದಳು. ಎದ್ದ ಕೂಡಲೆ ಒಂದು. ಪೂಜೆ ಆದ ಮೇಲೊಂದು. ನೋಡಲು ಬಂದವರ ಜೊತೆ ಕಂಪನಿಗೆ ಒಂದೊಂದು. ಒಂಬತ್ತು-ಹತ್ತು ಆಗುತ್ತದೆ ಎಂದಳು.

ನಮ್ಮ ಕಡೆ ಯಾರ ಮನೆಗೆ ಹೋದರೂ ಬಾಯಿ ಸಿಹಿ ಮಾಡದೆ ಬಿಡುವುದಿಲ್ಲ. ಸಕ್ಕರೆಯವರು ಏನು ಮಾಡಬೇಕು? ಬಿನಾ ಶಕ್ಕರ್ ಚಹಾ ಕುಡಿಯಬೇಕು. ಅದೊಂದಕ್ಕೆ ಯಾರ ತಕರಾರೂ ಇಲ್ಲ. ಸಕ್ಕರೆ ಇಲ್ಲ ಅಂದ ಮೇಲೆ ಏನು ದೋಷ ಎಂಬ ಧೈರ್ಯ. ದೋಷ ಇದೆಯಂತೆ ಸ್ವಾಮಿ! ಚಹಾದಲ್ಲಿರುವ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಗೊಡುವುದಿಲ್ಲವಂತೆ. ಎರಡು ತಿಂಗಳು ಭಾವ ಭಕ್ತಿಯಿಂದ ಗುಳಿಗೆ ಕೊಟ್ಟರು, ಅದೇ ಕೈಯಿಂದ ಅದನ್ನು ಹಾಳು ಮಾಡುವುದನ್ನೂ ಕೊಟ್ಟರು. ಸಿಟ್ಟು ಯಾರ ಮೇಲೆ ಮಾಡೋಣ? ಪಾಪ, ಭಾವ ಅಲ್ಲೇ ಕಣ್ಣೊರೆಸಿಕೊಂಡರು. "ಚಾದಾಗ ಸಕ್ಕರಿ ಅದನೋ ಇಲ್ಲೋ ಅಷ್ಟೇ ನೋಡ್ದೆ ನಾ" ಎಂದರು. ಆ ಮನುಷ್ಯನ ಪ್ರೀತಿಯಲ್ಲಿ ಒಂದು ಚಮಚವೂ ಕಮ್ಮಿ ಇರಲಿಲ್ಲ. ಆದರೆ ಪ್ರೀತಿಯನ್ನು ಲ್ಯಾಬಿನಲ್ಲಿ ಅಳೆಯುವುದಿಲ್ಲವಲ್ಲ.

ಗುಳಿಗೆ ನಿಂಬೆನೀರಿನ ಜೊತೆ ಎಂದಾಯಿತು. ಚಹಾ ದಿನಕ್ಕೆ ಎರಡೇ, ಅದೂ ಗುಳಿಗೆಗೂ ಊಟಕ್ಕೂ ದೂರ. ಸಮಯವಿಲ್ಲವೆಂದು ಡಾಕ್ಟರು ಕೆಲವು ದಿನ ಬಿಟ್ಟು ಬಿಟ್ಟು ಸಲೈನಿನಲ್ಲಿ ಕಬ್ಬಿಣದ ಇಂಜೆಕ್ಷನ್ ಹಾಕಿದರು. ರಜೆ ಮುಗಿಯುವ ವಾರ ಒಂಬತ್ತು ಪಾಯಿಂಟ್ ಆರು. ಇನ್ನೂ ಹನ್ನೆರಡಲ್ಲ, ಆದರೆ ಅಕ್ಕ ಕಾಯಲಿಲ್ಲ. ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿ ಸೀಟಿನಲ್ಲಿ ಕೂತೇ ಹೋದಳು.

ಹೋದ ಭಾನುವಾರ ಹುಮನಾಬಾದಕ್ಕೆ ಹೋಗಿದ್ದೆ. ಅಕ್ಕನ ರಕ್ತ ಈಗ ಹನ್ನೊಂದೂವರೆ. ಅಕ್ಕ ನೆಲದ ಮೇಲೆ ಪರೀಕ್ಷೆಯ ಪೇಪರು ಹರಡಿಕೊಂಡು, ಕೆಂಪು ಪೆನ್ನು ಹಿಡಿದು ತಿದ್ದುತ್ತಿದ್ದಳು. ಮುಖದಲ್ಲಿ ಬಣ್ಣ ಬಂದಿತ್ತು. ನಾನೂ ಭಾವನೂ ಎದುರಿಗೆ ಕೂತಿದ್ದೆವು. ನನಗೆ ಆರು ತಿಂಗಳ ಸಿಟ್ಟು ಒಮ್ಮೆಲೇ ಬಂತು. "ಅಲ್ಲ ಅಕ್ಕಾ, ಜೀವಕ್ಕ ಏನರೆ ಆಗಿದ್ರ? ಮೂರು ವರ್ಷ ಒಂದು ಮಾತರೆ ಹೇಳ್ಬಾರದಾ?" ಎಂದೆ. ಭಾವನೂ "ಹೌದಲಾ, ನನಗರೆ ಹೇಳಬೇಕಿತ್ತು" ಎಂದರು.

ಅಕ್ಕ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಪೇಪರಿಗೆ ಉದ್ದಕ್ಕೆ ಒಂದು ಗೆರೆ ಎಳೆದಳು.

"ನೀವಿಬ್ರೂ ಹತ್ತು ವರ್ಷ 'ಸಕ್ಕರಿ ಎಷ್ಟದ' ಅಂತ ಕೇಳಿದ್ರಿ, ನಾ ಎಷ್ಟದ ಅಂತ ಹೇಳ್ದೆ. ಕೇಳದಿದ್ದ ಪ್ರಶ್ನಿಗಿ ಉತ್ತರ ಬರ್ದ್ರ ನಾನೂ ಮಾರ್ಕ್ಸ್ ಕೊಡಂಗಿಲ್ಲ."